ಪಾರ್ಲರ್ ಅಕ್ಕ

ಪಾರ್ಲರ್ ಅಕ್ಕ ಇಲ್ಲದ ಊರಿಲ್ಲ. ತಾಲ್ಲೂಕು ಕೇಂದ್ರವಾದರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಟೈಲರ್ ಅಂಗಡಿಗೂ ಫ್ಯಾನ್ಸಿ ಸ್ಟೋರಿಗೂ ನಡುವೆ. ಬಡಾವಣೆಯಾದರೆ ಸ್ವಂತ ಮನೆಯ ಮುಂದಿನ ಕೋಣೆಯಲ್ಲಿ. ಬಾಗಿಲಿಗೆ ದಪ್ಪ ಪರದೆ, ಅದರ ಮೇಲೆ ‘ಮಹಿಳೆಯರಿಗೆ ಮಾತ್ರ’ ಎಂಬ ಬೋರ್ಡು, ಬೋರ್ಡಿನಲ್ಲಿ ಈ ಊರಿನ ಹೆಸರನ್ನೇ ಕೇಳಿರದ ಹಿಂದಿ ನಟಿಯೊಬ್ಬಳ ನಗುಮುಖ. ಹೊರಗೆ ಬೈಕಿನ ಮೇಲೆ ಕೂತು ಫೋನ್ ತೀಡುತ್ತಿರುವ ಗಂಡಸು ಕಂಡರೆ ಒಳಗೆ ಅವನ ಹೆಂಡತಿ ಇದ್ದಾಳೆ ಅಂತ ಅರ್ಥ. ‘ಐದೇ ನಿಮಿಷ, ಐಬ್ರೋ ಅಷ್ಟೇ’ ಎಂದು ಹೋದವಳು. ಅವನ ಫೋನಿನ ಚಾರ್ಜು ಮುಗಿಯುವ ಹೊತ್ತಿಗೆ ಫೇಶಿಯಲ್ ಮುಗಿಸಿ ಬರುತ್ತಾಳೆ.

ಅಕ್ಕ ವಿದ್ಯೆ ಕಲಿತದ್ದು ಉಜಿರೆಯಲ್ಲಿ. ಧರ್ಮಸ್ಥಳದವರೂ ಎರಡು ಬ್ಯಾಂಕುಗಳೂ ಸೇರಿ 1982ರಲ್ಲಿ ಶುರುಮಾಡಿದ ರುಡ್‌ಸೆಟ್‌ ಸಂಸ್ಥೆಯಲ್ಲಿ ಊಟ ವಸತಿ ಸಮೇತ ಬಿಟ್ಟಿಯಾಗಿ ಬ್ಯೂಟಿ ಪಾರ್ಲರ್ ತರಬೇತಿ ಕೊಡುತ್ತಾರೆ. ಅವಳ ತಂಗಿ ಐಟಿಐನಲ್ಲಿ ಇದೇ ವಿದ್ಯೆಯನ್ನು ಒಂದು ವರ್ಷ ಓದಿದಳು. ಅಲ್ಲಿ ಇದಕ್ಕೆ ಕಾಸ್ಮೆಟಾಲಜಿ ಎಂಬ ದೊಡ್ಡ ಹೆಸರು. ಹೆಸರು ಯಾವುದಾದರೂ ಥ್ರೆಡಿಂಗ್ ಕಲಿಯುವವರು ಮೊದಲು ದಾರ ಆಡಿಸುವುದು ತಮ್ಮದೇ ಕಾಲಿನ ಮೇಲೆ. ಕಾಲಿನ ಕೂದಲು ಮುಗಿದ ಮೇಲೆ ಗೆಳತಿಯ ಹುಬ್ಬು. ಆಮೇಲೂ ಗೆಳೆತನ ಉಳಿದರೆ ಪಾಸು.

ಒಳಗೆ ಹೋಗಿ ಕೂತರೆ ಅಕ್ಕ ನಿಮ್ಮನ್ನು ನೇರವಾಗಿ ನೋಡುವುದಿಲ್ಲ, ಕನ್ನಡಿಯಲ್ಲಿ ನೋಡುತ್ತಾಳೆ. ಕೂದಲನ್ನು ಎರಡು ಬೆರಳಲ್ಲಿ ಎತ್ತಿ, ಕೆಳಗೆ ಬಿಟ್ಟು, ನಿಟ್ಟುಸಿರಿಟ್ಟು ಕೇಳುತ್ತಾಳೆ: “ಇದನ್ನ ಯಾರ ಹತ್ರ ಕಟ್ ಮಾಡ್ಸಿದ್ರಿ?”

“ನಿಮ್ಮ ಹತ್ರಾನೇ ಅಕ್ಕಾ.”

“ಅದಕ್ಕೇ ನೋಡಿ, ಇಷ್ಟು ದಿನ ಶೇಪ್ ನಿಂತಿದೆ.”

ತಲೆಗೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ಅಕ್ಕನ ಕತ್ತರಿಯಲ್ಲಿ ಒಂದು ಇಂಚು ಅಂದರೆ ಮೂರು. ‘ತುದಿ ಮಾತ್ರ ತೆಗೀರಿ’ ಎಂದು ಕೂತವಳು ಆರು ತಿಂಗಳು ಕ್ಲಿಪ್ ಹಾಕಿಕೊಂಡು ಓಡಾಡಬೇಕು. ಆದರೂ ಯಾರೂ ಬೇರೆ ಪಾರ್ಲರಿಗೆ ಹೋಗುವುದಿಲ್ಲ. ಅಕ್ಕ ಯಾರನ್ನೂ ಆಂಟಿ ಅನ್ನುವುದಿಲ್ಲವಲ್ಲ! ಅರವತ್ತು ದಾಟಿದವರನ್ನೂ ‘ಬನ್ನಿ ಅಕ್ಕಾ’ ಎಂದೇ ಕರೆಯುತ್ತಾಳೆ. ನನ್ನ ಪ್ರಕಾರ ಅವಳ ವ್ಯಾಪಾರದ ಅರ್ಧ ಲಾಭ ಅಲ್ಲೇ ಇದೆ.

ಶಾಸ್ತ್ರದಲ್ಲೂ ಅವಳನ್ನು ಮೀರಿಸುವವರಿಲ್ಲ. ಮಂಗಳವಾರ, ಶುಕ್ರವಾರ ನಮ್ಮ ಹೆಂಗಸರು ಕೂದಲಿಗೆ ಕತ್ತರಿ ತಾಗಿಸುವುದಿಲ್ಲ. ಹಾಗಂತ ವಾರಕ್ಕೆ ಎರಡು ದಿನ ಬಾಗಿಲು ಹಾಕಿದರೆ ಬಾಡಿಗೆ ಕಟ್ಟುವವರು ಯಾರು? “ಕತ್ತರಿ ತಾಗಿದ್ರೆ ತಾನೆ ದೋಷ? ಇದು ದಾರ ಅಕ್ಕಾ, ಹತ್ತಿದ್ದು.” ಹೀಗೆ ಶುಕ್ರವಾರ ಥ್ರೆಡಿಂಗ್ ನಡೆಯುತ್ತದೆ. ವ್ಯಾಕ್ಸಿಂಗಿಗೆ ಇನ್ನೂ ಸುಲಭ: ಅದರಲ್ಲಿ ದಾರವೂ ಇಲ್ಲ.

ಥ್ರೆಡಿಂಗ್ ಅನ್ನು ಹತ್ತಿರದಿಂದ ನೋಡಬೇಕು. ದಾರದ ಒಂದು ತುದಿ ಅಕ್ಕನ ಹಲ್ಲಿನಲ್ಲಿ, ಇನ್ನೊಂದು ಕೈಯಲ್ಲಿ. ನಡುವೆ ದಾರ ಹೊಸೆದುಕೊಂಡು ಬೆರಳುಗಳು ಅಗಲಿದಂತೆಲ್ಲ ಕೂದಲು ಸರಸರ ಕಿತ್ತು ಬರುತ್ತದೆ. ಅವಳ ತೋರುಬೆರಳಿನ ಪಕ್ಕದಲ್ಲಿ ದಾರ ಕೊರೆದ ಗೀರು ಯಾವತ್ತೂ ಮಾಯುವುದಿಲ್ಲ. ಗಿರಾಕಿಯ ಎರಡು ಕೈಗೂ ಕೆಲಸವಿದೆ: ಒಂದರಲ್ಲಿ ಹಣೆಯನ್ನು ಮೇಲಕ್ಕೆ, ಇನ್ನೊಂದರಲ್ಲಿ ರೆಪ್ಪೆಯನ್ನು ಕೆಳಕ್ಕೆ ಎಳೆದು ಹಿಡಿಯಬೇಕು. ಕಣ್ಣು ಮುಚ್ಚಿದೆ, ನೀರು ಸುರಿಯುತ್ತಿದೆ. ಸದಾ ಮಾತಾಡುವ ಅಕ್ಕ ಸುಮ್ಮನಿರುವುದು ಆಗ ಮಾತ್ರ, ಹಲ್ಲಲ್ಲಿ ದಾರ ಇರುವುದರಿಂದ. ಎದುರಿನವರು ಅಡ್ಡ ಬಾಯಿ ಹಾಕದೆ ಕೇಳುವುದು ನಮ್ಮ ಹೆಂಗಸರಿಗೆ ಇನ್ನೆಲ್ಲಿ ಸಿಗಬೇಕು? ಹೇಗೂ ಕಣ್ಣೀರು ಬರುತ್ತಿದೆ ಎಂದು ಓರಗಿತ್ತಿಯ ಕತೆ ಶುರುವಾಗುತ್ತದೆ. ಅಕ್ಕ ‘ಹ್ಞೂಂ’ ಎನ್ನುತ್ತಾಳೆ. ಎರಡನೇ ಹುಬ್ಬಿಗೆ ಬರುವಷ್ಟರಲ್ಲಿ ಮಾವನ ಸೈಟು ಯಾರ ಹೆಸರಿಗಾಯಿತು ಎಂಬುದೂ ಹೊರಬಿದ್ದಿರುತ್ತದೆ. ಮುಂದಿನ ಕುರ್ಚಿಗೆ ಅದೇ ಓರಗಿತ್ತಿ ಬಂದು ಕೂರುವುದುಂಟು. ಅವಳಿಗೂ ಅದೇ ‘ಹ್ಞೂಂ’.

ಆಷಾಢದಲ್ಲಿ ಪಾರ್ಲರ್ ಬಿಕೋ. ಶ್ರಾವಣದಲ್ಲಿ ವರಮಹಾಲಕ್ಷ್ಮಿಗಿಂತ ಮೊದಲು ಮುತ್ತೈದೆಯರ ಮುಖಗಳಿಗೆ ಅಲಂಕಾರ. ಮದುವೆಯ ದಿನಗಳು ಬಂದವೋ, ಅಕ್ಕ ಮನುಷ್ಯಳಾಗಿ ಉಳಿಯುವುದಿಲ್ಲ. ಬೆಳಗಿನ ಮುಹೂರ್ತವಾದರೆ ಮೂರು ಗಂಟೆಗೇ ಛತ್ರದಲ್ಲಿರುತ್ತಾಳೆ. ಮೊಗ್ಗಿನ ಜಡೆ, ಹಿಂದಿನ ರಾತ್ರಿಯೇ ನೆರಿಗೆ ಹಿಡಿದು ಇಸ್ತ್ರಿ ಹಾಕಿದ ಸೀರೆ, ಒಂದು ಡಬ್ಬಿ ಪಿನ್ನು. ಆ ಪಿನ್ನುಗಳಲ್ಲಿ ನಾಲ್ಕೈದು ಯಾವಾಗಲೂ ಅವಳ ತುಟಿಯ ನಡುವೆ. ಈ ಕಸುಬಿನಲ್ಲಿ ಬಾಯಿ ಮೂರನೇ ಕೈ. ವಧುವಿನ ದೊಡ್ಡಮ್ಮ ಬಂದು “ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿ” ಎನ್ನುತ್ತಾರೆ. ಹುಡುಗಿಯ ಬಣ್ಣ ಚೆನ್ನಾಗಿಯೇ ಇದೆ ಎಂದು ಅಕ್ಕನಿಗೆ ಗೊತ್ತು. ಆದರೆ ದುಡ್ಡು ಕೊಡುವುದು ಅವರ ಮನೆಯವರು. ಹಾಗಾಗಿ ಎಷ್ಟೋ ಆಲ್ಬಮ್ಮುಗಳಲ್ಲಿ ಮುಖ ಒಬ್ಬಳದು, ಕೈ ಇನ್ನೊಬ್ಬಳದು.

ಮದುಮಗಳು ತಯಾರಾದಳು ಅನ್ನುವಾಗ ಬಾಗಿಲಲ್ಲಿ ಸಾಲು ಶುರು. ಚಿಕ್ಕಮ್ಮ, ಸೋದರತ್ತೆ, ಅವರ ನಾದಿನಿ. “ಹೇಗೂ ಬಂದಿದೀಯಲ್ಲಮ್ಮ, ಹಾಗೇ ನನಗೊಂದು ಸೀರೆ ಉಡಿಸಿಬಿಡು.” ಈ ‘ಹಾಗೇ’ಗೆ ಬಿಲ್ಲಿನಲ್ಲಿ ಜಾಗವಿಲ್ಲ. ಉಡಿಸುತ್ತಾಳೆ. ಸೆರಗಿಗೆ ಪಿನ್ನು ಚುಚ್ಚುವಾಗ ಮಾತ್ರ ಕೈ ಒಂದಿಷ್ಟು ಜೋರಾಗಿರುತ್ತದೆ ಅಂತ ನನ್ನ ಗುಮಾನಿ.

ಇಷ್ಟೆಲ್ಲ ಮಾಡುವವಳ ಸ್ವಂತ ಕೂದಲು ಒಂದು ಕ್ಲಿಪ್ಪಿನಲ್ಲಿ ಸುತ್ತಿ ನೆತ್ತಿಯ ಮೇಲಿರುತ್ತದೆ. ಹುಬ್ಬನ್ನು ಕೆಲಸ ಕಲಿಯಲು ಬಂದ ಹುಡುಗಿಗೆ ಒಪ್ಪಿಸಿರುತ್ತಾಳೆ. ಆ ಹುಡುಗಿಯ ಕೈ ಎಷ್ಟು ಕುದುರಿದೆ ಎಂದು ತಿಳಿಯಬೇಕಾದರೆ ಅಕ್ಕನ ಮುಖ ನೋಡಿದರೆ ಸಾಕು.

ನಿಮ್ಮ ಮನೆಯಲ್ಲಿ ಮದುವೆಯಿದ್ದರೆ ಎಷ್ಟು ಸೀರೆ ಉಡಿಸಬೇಕು ಎಂದು ಮೊದಲೇ ಎಣಿಸಿ ಹೇಳಿ, ಅಷ್ಟಕ್ಕೂ ದುಡ್ಡು ಕೊಡಿ. ಮತ್ತೆ ಮದುಮಗಳ ಕೋಣೆಗೆ, ಅಕ್ಕನಿಗೆ ಅಂತ, ಒಂದು ಲೋಟ ಕಾಫಿ ಕಳಿಸಿ. ಛತ್ರದ ಕಾಫಿ ಫೋಟೋಗ್ರಾಫರ್‌ವರೆಗೆ ಹೋಗುತ್ತದೆ, ಓಲಗದವರವರೆಗೂ ಹೋಗುತ್ತದೆ, ಅಲ್ಲಿಗೆ ಮಾತ್ರ ಹೋಗುವುದಿಲ್ಲ.