‘ಡಿಗ್ರಿ ಇಲ್ಲ, ಪೇಷಂಟುಗಳಿಗೆ ಬರವಿಲ್ಲ’: ಸಾರಕ್ಕಿ ಹಾಗಲಕಾಯಿಯ ಸಂದರ್ಶನ

ದಕ್ಷಿಣ ಬೆಂಗಳೂರಿನಲ್ಲಿ ದಿನಬೆಳಗಾದರೆ ಸಕ್ಕರೆ ಕಾಯಿಲೆಯವರ ಮುಖ ನೋಡುವವರು ಯಾರೆಂದು ಹುಡುಕುತ್ತ ಹೋದರೆ ಜಯನಗರದ ಆಸ್ಪತ್ರೆಗಳನ್ನೂ ಜೆ.ಪಿ. ನಗರದ ಕ್ಲಿನಿಕ್ಕುಗಳನ್ನೂ ದಾಟಿ ಕನಕಪುರ ರಸ್ತೆಯ ಸಾರಕ್ಕಿ ಮಾರುಕಟ್ಟೆಗೆ ಬಂದು ನಿಲ್ಲಬೇಕಾಗುತ್ತದೆ. ಇಲ್ಲಿ ಗೋಣಿತಾಟಿನ ಮೇಲೆ ಮೈತುಂಬ ಗುಳ್ಳೆ ಎಬ್ಬಿಸಿಕೊಂಡು ಮಲಗಿರುವ ಹಾಗಲಕಾಯಿಯನ್ನು ಕಾಣಲು ಟೋಕನ್ ಬೇಡ, ಫೀಸೂ ಇಲ್ಲ. ಬೆಳಗಿನ ವ್ಯಾಪಾರದ ಭರಾಟೆ ಇಳಿದ ಮೇಲೆ ಅದು ಮಾತಿಗೆ ಸಿಕ್ಕಿತು.

ಪ್ರ: ಪರವಾನಗಿ ಇಲ್ಲದೆ ವೈದ್ಯ ವೃತ್ತಿ ನಡೆಸುತ್ತಿದ್ದೀರಿ ಎಂಬ ಆರೋಪ ನಿಮ್ಮ ಮೇಲಿದೆ.

ಹಾ: ನಾನು ತರಕಾರಿ ಸ್ವಾಮಿ. ಹಾರೋಹಳ್ಳಿ ಕಡೆಯ ಚಪ್ಪರದಿಂದ ರಾತ್ರೋರಾತ್ರಿ ಗಾಡಿ ಹತ್ತಿದವನು. ಪಲ್ಯವೋ ಗೊಜ್ಜೋ ಆಗಿ ಋಣ ತೀರಿಸೋಣ ಅಂತ ಬಂದರೆ ಇಲ್ಲಿನವರು ಡಾಕ್ಟರು ಮಾಡಿ ಕೂರಿಸಿಬಿಟ್ಟರು. 2024ರಲ್ಲಿ ಆರೋಗ್ಯ ಇಲಾಖೆ ಖಾಸಗಿ ಕ್ಲಿನಿಕ್ಕುಗಳಿಗೆಲ್ಲ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಸಂಖ್ಯೆ ಬರೆಸಿ, ಅಲೋಪಥಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಹಾಕಿ ಅಂತ ಹೇಳಿತು. ನಾನು ಹುಟ್ಟಾ ಹಸಿರು. ಅದನ್ನೇ ನೋಂದಣಿ ಅಂದುಕೊಂಡಿದ್ದಾರೆ ಜನ.

ಪ್ರ: ನಿಮ್ಮ ರಸ ಕುಡಿದರೆ ಶುಗರ್ ಇಳಿಯುವುದಿಲ್ಲವೇ?

ಹಾ: 2012ರಲ್ಲಿ ಕಾಕ್ರೇನ್ ಸಂಸ್ಥೆಯವರು ನನ್ನ ಮೇಲಿನ ಪ್ರಯೋಗಗಳನ್ನು ಜಾಲಾಡಿ, ಮದ್ದು ಅನ್ನುವಷ್ಟು ಪುರಾವೆ ಇಲ್ಲ ಅಂದರು. ನನಗೇನೂ ಅವಮಾನವಾಗಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ಅದರ ಮೇಲೆ ಅವರಿಗೆ ಹೇಳದೆ ನನ್ನ ರಸವನ್ನೂ ಲೋಟಗಟ್ಟಲೆ ಸುರಿದುಕೊಂಡು, ಸಕ್ಕರೆ ತೀರಾ ಇಳಿದು ಬೆವರಿ ನಡುಗುವವರನ್ನು ಕಂಡರೆ ಮಾತ್ರ ಭಯ. ಇನ್ನು ನಮ್ಮ ಬನಶಂಕರಿ ಕಡೆಯ ಮನೆಗಳಲ್ಲಿ ನಡೆಯುವುದೇ ಬೇರೆ. ದಪ್ಪ ಅಚ್ಚುಬೆಲ್ಲ ಹಾಕಿ ಗೊಜ್ಜು ಮಾಡ್ತಾರೆ, ‘ಹಾಗಲಕಾಯಿ, ಶುಗರಿಗೆ ಒಳ್ಳೇದು’ ಅಂತ ಎರಡನೇ ಸಲ ಅನ್ನ ಬಡಿಸಿಕೊಳ್ತಾರೆ.

ಪ್ರ: ಪಾರ್ಕಿನ ಗೇಟುಗಳಲ್ಲಿ ಉಚಿತ ಶುಗರ್ ಕ್ಯಾಂಪ್ ನಡೆಯುತ್ತದಲ್ಲ, ಅದು ಒಳ್ಳೆಯದೇ ಅಲ್ಲವೇ?

ಹಾ: ಚುಚ್ಚುವುದು ಉಚಿತ, ಆಮೇಲಿನದೆಲ್ಲ ಪ್ಯಾಕೇಜು. ಮೊನ್ನೆ ಪಕ್ಕದ ಸಾಲಿನ ಹಣ್ಣಿನ ಹೆಂಗಸು ಸಪೋಟ ಹೆಚ್ಚಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ಹೋಗಿ ಬೆರಳು ಕೊಟ್ಟಳು. ಮೀಟರ್ 260 ತೋರಿಸಿತು. ಅದು ಅಳೆದದ್ದು ಅವಳ ರಕ್ತದ ಸಕ್ಕರೆಯನ್ನೋ ಬೆರಳಿಗಂಟಿದ ಸಪೋಟವನ್ನೋ ಅಂತ ಕೇಳುವವರು ಅಲ್ಲಿ ಇರಲಿಲ್ಲ. ಸೋಪು ಹಾಕಿ ಕೈ ತೊಳೆಸುವುದಕ್ಕೆ ಎಷ್ಟು ಖರ್ಚು ಸ್ವಾಮಿ? ಸಂಜೆಗೆ ಅವಳ ಚೀಲದಲ್ಲಿ ಮೂರು ಬಗೆ ಮಾತ್ರೆ, ಕಾಲು ಕೆ.ಜಿ. ನಾನು.

ಆ ಬೆರಳಿನ ಮೀಟರ್ ಇರುವುದು, ಕಾಯಿಲೆ ಇದೆ ಅಂತ ಗೊತ್ತಾದವರು ಮನೆಯಲ್ಲಿ ನೋಡಿಕೊಳ್ಳುವುದಕ್ಕೆ. ಒಳ್ಳೆಯ ಮೀಟರಿಗೂ ಶೇ 15ರಷ್ಟು ಹೆಚ್ಚುಕಮ್ಮಿ ತೋರಿಸಲು ಮಾಫಿ ಇದೆ. ಕಾಯಿಲೆ ಇದೆ ಅಂತ ಹೇಳಬೇಕಾದರೆ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ನೋಡಬೇಕು: ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕೂ ಮೇಲೆ, ಇಲ್ಲವೇ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಅಥವಾ ಅದಕ್ಕೂ ಮೇಲೆ. ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರದಂಥ ಲಕ್ಷಣ ಏನೂ ಇಲ್ಲದಿದ್ದರೆ ಇನ್ನೊಂದು ಸಲ ನೋಡಿ ಖಚಿತ ಮಾಡಿಕೊಳ್ಳಬೇಕು. ಅದರಲ್ಲೂ ಒಂದು ಕೊಕ್ಕೆ ಇದೆ. ಕಬ್ಬಿಣದಂಶ ಕಮ್ಮಿಯಾಗಿ ರಕ್ತಹೀನತೆ ಬಂದ ಹೆಂಗಸರಿಗೆ ಎಚ್‌ಬಿಎ1ಸಿ ಸುಳ್ಳೇ ಏರಿ ಕೂತಿರಬಹುದು. ಅವರಿಗೆ ಬೇಕಾದದ್ದು ಕಬ್ಬಿಣದ ಮಾತ್ರೆ, ಸಿಕ್ಕಿದ್ದು ಸಕ್ಕರೆ ಮಾತ್ರೆ.

ಪ್ರ: ಡಾಕ್ಟರು ಬರೆದದ್ದನ್ನು ಲ್ಯಾಬ್ ಖಚಿತಪಡಿಸುತ್ತದಲ್ಲ?

ಹಾ: ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಅಂತ ನಮ್ಮಿಬ್ಬರನ್ನೂ ತಲೆತಲಾಂತರದಿಂದ ಆಡಿಕೊಂಡಿದ್ದೀರಿ. ನಮ್ಮ ನಡುವೆ ಕಮಿಷನ್ ಇಲ್ಲ. ಪೇಷಂಟನ್ನು ಕಳಿಸಿದ್ದಕ್ಕೆ ಡಾಕ್ಟರು ಕಮಿಷನ್ ಪಡೆಯಬಾರದು ಅಂತ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಹೇಳುತ್ತದೆ. ಗಾದೆಯಲ್ಲಿ ನಮ್ಮ ಹೆಸರು ತೆಗೆದು ಬೇರೆಯವರದ್ದು ಹಾಕುವ ಕಾಲ ಬಂದಿದೆ. ಎಲ್ಲರೂ ಹಾಗಲ್ಲ, ಗೊತ್ತು. ಒಳ್ಳೆಯವರ ಬಗ್ಗೆ ಗಾದೆ ಹುಟ್ಟುವುದಿಲ್ಲ, ಏನು ಮಾಡೋಣ.

ಪ್ರ: ನಿಮ್ಮ ದೃಷ್ಟಿಯಲ್ಲಿ ಅತಿ ದೊಡ್ಡ ತಪ್ಪು ಯಾವುದು?

ಹಾ: ನನ್ನ ದೃಷ್ಟಿ ಎಲ್ಲಿದೆ ನೋಡಿ, ನೆಲದ ಮೇಲೆ. ಮುಖಗಳಿಗಿಂತ ನನಗೆ ಪಾದಗಳೇ ಹೆಚ್ಚು ಪರಿಚಯ. ಚಪ್ಪಲಿ ಕಳಚಿಹೋದದ್ದು ಗೊತ್ತಾಗದೆ ಹತ್ತು ಹೆಜ್ಜೆ ಬರಿಗಾಲಲ್ಲಿ ನಡೆದುಬಿಟ್ಟು, ಹಿಂದಿನಿಂದ ಯಾರೋ ಕೂಗಿದಾಗ ತಿರುಗಿ ನೋಡುವವರು ಇಲ್ಲಿಗೆ ಬರ್ತಾರೆ. ನರ ಸತ್ತಿದೆ. ಹಿಮ್ಮಡಿಯಲ್ಲಿ ಮುಳ್ಳು ಮುರಿದಿರುತ್ತೆ, ನೋವಿಲ್ಲ. ಹೆಬ್ಬೆರಳ ಸಂದಿಯಲ್ಲಿ ಕೀವು ಇರುತ್ತೆ, ನೋವಿಲ್ಲ. ನೋವಿಲ್ಲ ಅನ್ನುವುದೇ ಸಮಾಧಾನ ಅವರಿಗೆ. ಕೈಯಲ್ಲಿ ವರ್ಷಗಟ್ಟಲೆಯ ಫೈಲು ದಪ್ಪಗಿರುತ್ತೆ, ತೆಗೆದು ನೋಡಿದರೆ ಬರೀ ಫಾಸ್ಟಿಂಗು, ಊಟ ಆದ ಮೇಲಿನದು, ಮಾತ್ರೆ ಬದಲಾವಣೆ. ಪಾದದ ಬಗ್ಗೆ ಒಂದು ಅಕ್ಷರ ಇಲ್ಲ.

ಅಷ್ಟು ಸಲ ಹೋದವರ ಚಪ್ಪಲಿಯನ್ನು ಒಬ್ಬ ಡಾಕ್ಟರೂ ಬಿಚ್ಚಿಸಿಲ್ಲ. ಅದಕ್ಕೇನು ದೊಡ್ಡ ಯಂತ್ರ ಬೇಡ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಸಾಕು, ಅಂಗಾಲಿಗೆ ಮುಟ್ಟಿಸಿ ‘ಗೊತ್ತಾಯ್ತಾ’ ಅಂತ ಕೇಳಿದರೆ ಮುಗಿಯಿತು. ವರ್ಷಕ್ಕೊಂದು ಸಲ ಕಣ್ಣಿನ ಪರದೆ, ಮೂತ್ರದಲ್ಲಿ ಆಲ್ಬುಮಿನ್, ಪಾದ. ಇಷ್ಟನ್ನು ನೋಡದೆ ಬರೀ ಸಂಖ್ಯೆಗೆ ಮಾತ್ರೆ ಬರೆಯುವುದನ್ನು ನಾನು ಚಿಕಿತ್ಸೆ ಅನ್ನಲ್ಲ, ಲೆಕ್ಕ ಬರೆಯುವುದು ಅಂತೀನಿ. ಆಮೇಲೆ ಒಂದು ದಿನ ಬೆರಳು ಹೋಯ್ತು ಅಂತಾರೆ, ಇನ್ನೊಂದು ದಿನ ಕಾಲು. ಆ ಗಿರಾಕಿ ಮತ್ತೆ ಮಾರುಕಟ್ಟೆಗೆ ಬರುವುದಿಲ್ಲ, ಮನೆಯವರು ಬರ್ತಾರೆ.

ಪ್ರ: ‘ಇನ್ಸುಲಿನ್ ಬಿಡಿಸುತ್ತೇವೆ’ ಎನ್ನುವ ಪುಡಿ, ಕಷಾಯದವರ ಬಗ್ಗೆ?

ಹಾ: ನನ್ನ ಫೋಟೋ ಡಬ್ಬಿಯ ಮೇಲೆ ಹಾಕುವಾಗ ನನ್ನನ್ನು ಕೇಳಿದವರಿಲ್ಲ. ಸಕ್ಕರೆ ಕಾಯಿಲೆ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. 2024ರಲ್ಲಿ ಪತಂಜಲಿಯವರು ಇಂಥ ಜಾಹೀರಾತಿಗಾಗಿ ಸುಪ್ರೀಂ ಕೋರ್ಟಿನಲ್ಲಿ ಕೈಮುಗಿದು, ಪತ್ರಿಕೆಗಳಲ್ಲಿ ಕ್ಷಮಾಪಣೆ ಹಾಕಿಸಿದರು. ಕ್ಷಮಾಪಣೆಯೂ ಜಾಹೀರಾತಿನಷ್ಟೇ ದೊಡ್ಡದಾಗಿದೆಯಾ ಅಂತ ನ್ಯಾಯಮೂರ್ತಿಗಳು ಕೇಳಿದ್ದು ನನಗೆ ಬಹಳ ಇಷ್ಟವಾಯ್ತು. ತೂಕ ಅಳತೆ ಗೊತ್ತಿರುವವರ ಪ್ರಶ್ನೆ ಅದು.

ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಗೆ ತೂಕ ಇಳಿಸಿ, ಊಟ ತಿದ್ದಿ ಮಾತ್ರೆ ಕಮ್ಮಿ ಮಾಡಿಕೊಂಡವರಿದ್ದಾರೆ, ಒಪ್ಪುತ್ತೇನೆ. ಆದರೆ ಟೈಪ್ 1 ಮಕ್ಕಳ ಮೈಯಲ್ಲಿ ಇನ್ಸುಲಿನ್ನೇ ಹುಟ್ಟುವುದಿಲ್ಲ. 1922ರ ಜನವರಿಯಲ್ಲಿ ಟೊರಾಂಟೋದ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸೂಜಿ ಬೀಳುವ ತನಕ ಇಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಉಪವಾಸ, ಆಮೇಲೆ ಸಾವು. ಆ ಸೂಜಿ ನಿಲ್ಲಿಸಿ ನನ್ನ ರಸ ಕುಡಿಸುವುದು ಮೋಸವಲ್ಲ, ಕೊಲೆ. ನನ್ನ ಹೆಸರಲ್ಲಿ ಮಾಡಬೇಡಿ.

ಪ್ರ: ಮೋಸ ಹೋದವರು ಎಲ್ಲಿಗೆ ಹೋಗಬೇಕು?

ಹಾ: ಕ್ಲಿನಿಕ್ಕಿನ ಮೇಲಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರ, ಅಲೋಪಥಿ ಡಾಕ್ಟರ ಮೇಲಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು, ಪರಿಹಾರಕ್ಕೆ ಗ್ರಾಹಕರ ಆಯೋಗ. 1995ರಲ್ಲೇ ಸುಪ್ರೀಂ ಕೋರ್ಟು ಆ ಬಾಗಿಲು ತೆರೆದಿದೆ. ಚೀಟಿ, ಬಿಲ್ಲು, ರಿಪೋರ್ಟು ಜೋಪಾನ ಮಾಡಿ. ಚೀಟಿಯನ್ನೇ ಕೊಡದೆ ಮಾತ್ರೆ ಪೊಟ್ಟಣ ಕಟ್ಟಿಕೊಡುವವರ ಹತ್ತಿರ ಮೊದಲೇ ಹೋಗಬೇಡಿ.

ಪ್ರ: ಕೊನೆಯದಾಗಿ ನಮ್ಮ ಓದುಗರಿಗೆ?

ಹಾ: ಮುಂದಿನ ಸಲ ಶುಗರ್ ತೋರಿಸಲು ಹೋದಾಗ ಡಾಕ್ಟರು ಕೇಳುವ ತನಕ ಕಾಯಬೇಡಿ. ಕುರ್ಚಿಯಲ್ಲಿ ಕೂತ ಕೂಡಲೇ ಚಪ್ಪಲಿ, ಕಾಲುಚೀಲ ಬಿಚ್ಚಿ ಎರಡೂ ಪಾದ ಮುಂದಿಡಿ. ಅವರು ಬಗ್ಗಿ ನೋಡಿದರೆ ಅಲ್ಲೇ ಮುಂದುವರಿಯಿರಿ. ನೋಡದೆ ಚೀಟಿ ಬರೆಯಲು ಶುರು ಮಾಡಿದರೆ, ಡಾಕ್ಟರನ್ನು ಬದಲಾಯಿಸಿ.