ಸೌಂಡಣ್ಣ

ರಾಮನವಮಿಯ ಪೆಂಡಾಲಿಗೆ ಪಾನಕದ ಕೊಳಗ ಬರುವ ಮೊದಲೇ ಸೌಂಡಣ್ಣ ಬಂದಿರುತ್ತಾನೆ. ಮುಂಗೈಗೆ ಬಳೆಯಂತೆ ಕಪ್ಪು ಟೇಪು, ಅಂಗಿ ಜೇಬಿನಲ್ಲಿ ಟೆಸ್ಟರು. ವಿದ್ವಾಂಸರ ಹಿರಿಮೆಯನ್ನು ಅವನು ಆಹ್ವಾನಪತ್ರಿಕೆ ಓದಿ ತಿಳಿಯುವವನಲ್ಲ. ಕಾರಿನಿಂದ ಇಳಿದವರಿಗೆ ಕಾರ್ಯದರ್ಶಿಗಳು ಎಷ್ಟು ಬಗ್ಗಿದರೆಂದು ನೋಡುತ್ತಾನೆ, ಅಷ್ಟಕ್ಕೆ ತಕ್ಕ ಮೈಕು ಕೊಡುತ್ತಾನೆ.

ಹಾಡುವವರಿಗೆ ಜಾಲರಿ ನೆಗ್ಗದ ಶೂರ್ ಎಸ್‌ಎಂ58. ಪಿಟೀಲಿಗೆ ಎಸ್‌ಎಂ57; 1965ರಲ್ಲಿ ಹುಟ್ಟಿದ ಅದು 58ಕ್ಕಿಂತ ಒಂದು ವರ್ಷಕ್ಕೆ ದೊಡ್ಡದಾದರೂ ಪಕ್ಕದಲ್ಲೇ ಕೂರಬೇಕು. ಮೃದಂಗಕ್ಕೆ ಎರಡು ಮುಖವಿರುವುದರಿಂದ ನಿರ್ವಾಹವಿಲ್ಲದೆ ಎರಡು. ಉಳಿದದ್ದು ಘಟಕ್ಕೆ. ಅದರ ಸ್ಟ್ಯಾಂಡಿನ ತಿರುಪು ಸವೆದಿರುತ್ತದೆ. ವರ್ಣದಲ್ಲಿ ತಲೆಯೆತ್ತಿ ನಿಂತ ಮೈಕು ತನಿ ಆವರ್ತನದ ಹೊತ್ತಿಗೆ ಘಟದವರ ಮೊಣಕಾಲಿಗೆ ನಮಸ್ಕಾರ ಹಾಕಿರುತ್ತದೆ.

ಅವನ ಸಿದ್ಧಾಂತ ಒಂದೇ: ಏನು ನುಡಿಸಿದರೂ ಸರಿ, ಮೈಕು ಮುಖಕ್ಕಿರಬೇಕು. ಕೊಳಲಿನವರ ತುಟಿಗೆ ನೇರ ಇಟ್ಟು ರಾಗಕ್ಕಿಂತ ಉಸಿರನ್ನೇ ಹೆಚ್ಚು ಕೇಳಿಸುತ್ತಾನೆ. ವೀಣೆಯ ನಾದ ಕೊಡದ ಮೇಲ್ಹಲಗೆಯಿಂದ ಬರುತ್ತದೆಂದು ಯಾರಾದರೂ ಹೇಳಿದರೆ, "ಅವ್ರ ಮುಖ ಅಲ್ಲಿಲ್ವಲ್ಲ ಸಾರ್" ಎನ್ನುತ್ತಾನೆ. ಸ್ಯಾಕ್ಸೊಫೋನು ಬಂದರೆ ಮಾತ್ರ ಅವನಿಗೆ ಹಬ್ಬ, ಅದಕ್ಕೆ ಅಷ್ಟಗಲ ಬಾಯಿದೆ! ಕದ್ರಿ ಗೋಪಾಲನಾಥರು ಅದನ್ನು ನಮ್ಮ ಕಛೇರಿಗೆ ಒಗ್ಗಿಸಿ ಎಷ್ಟೋ ಕಾಲವಾಯಿತು. ಬಹುಪಾಲು ಸ್ವರಗಳು ಆ ಬಾಯಿಂದಲ್ಲ, ಮೈಮೇಲಿನ ತೂತುಗಳಿಂದ ಹೊರಡುತ್ತವೆಂಬ ಸುದ್ದಿ ಮಾತ್ರ ಇವನಿಗೆ ತಲುಪಿಲ್ಲ.

ಮೃದಂಗದವರೊಂದಿಗೆ ಅವನದು ಮೌನಯುದ್ಧ. ಅವರು ಎಡಭಾಗಕ್ಕೆ ಒದ್ದೆ ರವೆ ಮೆತ್ತಿ, ಹೆಬ್ಬೆರಳಲ್ಲಿ ಅಂಚು ತೀಡಿ, ಗುಮುಕಿಗೆ ಜಾಗ ಬೇಕೆಂದು ಮೈಕನ್ನು ಒಂದು ಗೇಣು ಸರಿಸುತ್ತಾರೆ. ಅವರು ಕೈ ಒರೆಸಿಕೊಳ್ಳುವಷ್ಟರಲ್ಲಿ ಇವನು ಅದನ್ನು ಎರಡು ಬೆರಳಿನಷ್ಟು ಹತ್ತಿರ ತಂದಿರುತ್ತಾನೆ. ಮೈಕು ಹತ್ತಿರವಾದಷ್ಟೂ ತಗ್ಗಿನ ನಾದ ಉಬ್ಬುತ್ತದೆ. ಮೊದಲ "ಗುಂ"ಗೆ ಪೆಂಡಾಲಿನ ತಗಡು ತಾಳ ಹಾಕುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲವೂ ಅವನ ತಪ್ಪಲ್ಲ. ಈ ಮೈಕುಗಳ ಬೆನ್ನು ಕಿವುಡು. ಅದನ್ನರಿತು ಅವನು ಮಾನಿಟರನ್ನು ಮೈಕಿನ ಬೆನ್ನಿಗೇ ಇಟ್ಟಿರುತ್ತಾನೆ. ಪ್ರಾಯೋಜಕರ ಬ್ಯಾನರು ಮರೆಯಾಯಿತೆಂದು ಸಮಿತಿಯವರೊಬ್ಬರು ಅದನ್ನು ಪಕ್ಕಕ್ಕೆಳೆದು ಹೋಗುತ್ತಾರೆ. ಪಲ್ಲವಿಯ ನಡುವೆ "ಕುಂಯ್" ಎಂದಾಗ ಇಡೀ ಸಭೆ ತಿರುಗಿ ನೋಡುವುದು ಸೌಂಡಣ್ಣನನ್ನು.

ಮೈಕಿನ ಆಸರೆಯಿಲ್ಲದ ಕಾಲದಲ್ಲಿ ದೊಡ್ಡ ಸಭೆಗೂ ಕೇಳಿಸಲೆಂದು ಚೌಡಯ್ಯನವರು ಪಿಟೀಲಿಗೆ 7 ತಂತಿ ಕಟ್ಟಿದ ಕತೆಯನ್ನು ಹೇಳಿನೋಡಿ. "ಅಯ್ಯೋ, ನಾನಿದ್ದಿದ್ರೆ ನಾಕರಲ್ಲೇ ಮುಗಿಸಿಕೊಡ್ತಿದ್ದೆ" ಎಂದು ಮರುಗುತ್ತಾನೆ.

ಕಛೇರಿಯ ನಡುವೆ ಅಧ್ಯಕ್ಷರ ಭಾಷಣ. ಯಾವ ವಾದ್ಯಕ್ಕೂ ತೆಗೆಯದ ಹೊಸ ಕಾರ್ಡ್‌ಲೆಸ್ ಮೈಕು ಆಗ ಪೆಟ್ಟಿಗೆಯಿಂದ ಹೊರಬರುತ್ತದೆ. ವೇದಿಕೆಯಲ್ಲಿ ಸದ್ದು ಮಾಡುವ ವಾದ್ಯಗಳ ಪೈಕಿ ಸೌಂಡಣ್ಣನ ಸಿದ್ಧಾಂತ ಸರಿಯಾಗಿ ಹೊಂದುವುದು ಅಧ್ಯಕ್ಷರೊಬ್ಬರಿಗೇ. ಅವರೋ, ಮೈಕನ್ನು ಘಟದವರಂತೆ ಹೊಟ್ಟೆಗೊತ್ತಿಕೊಂಡು ಮಾತಾಡಲು ಶುರುಮಾಡುತ್ತಾರೆ.