ಬೆಲ್ಲದ ಚಾಡಿ

ರಾಯಬಾಗದ ಕಡೆ ನಮ್ಮ ಬೀಗರದೊಂದು ಗಾಣವಿದೆ. ಈ ಸಲ ಹೋದಾಗ ಬೀಗರ ಮಗ ಬೆಲ್ಲದ ಪೆಂಟಿಯೊಂದನ್ನು ಕೈಗಿಟ್ಟು, "ಮಾವಾರ, ಔಷಧ ಹಾಕಿಲ್ಲ, ಕಣ್ಣ ಮುಚ್ಚಿ ತಿನ್ರಿ" ಅಂದ. ಸಕ್ಕರೆ ಕಾಯಿಲೆಯವನು ಬೆಲ್ಲ ತಿನ್ನಬೇಕಾದದ್ದೂ ಹಾಗೆಯೇ, ಮನೆಯವರು ಕಣ್ಣು ಮುಚ್ಚಿದಾಗ. ಚಿಕ್ಕೋಡಿಗೆ ಬಂದವನೇ ಪೆಂಟಿಯನ್ನು ಪುಸ್ತಕದ ಕಪಾಟಿನಲ್ಲಿ ನಿಘಂಟಿನ ಹಿಂದೆ ಇಟ್ಟೆ. ನಮ್ಮ ಮನೆಯಲ್ಲಿ ನಿಘಂಟು ಮುಟ್ಟುವವರಿಲ್ಲ.

ಇರುವೆ ಮುಟ್ಟಿತು. ಒಂದೇ ಒಂದು. ತಿಂದು ಸುಮ್ಮನೆ ಹೋಗಬಾರದೇ? ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸುತ್ತ, ದಾರಿಯುದ್ದಕ್ಕೂ ವಾಸನೆಯ ಚುಕ್ಕಿ ಇಡುತ್ತ ಗೂಡು ಸೇರಿತು. ಅಲ್ಲಿ ಮೀಸೆಯಿಂದ ತಟ್ಟಿ ಎಬ್ಬಿಸಿ, ಬಾಯಿಂದ ಬಾಯಿಗೆ ರುಚಿ ಹತ್ತಿಸಿತು. ಬೆಲ್ಲ ಕಂಡು ಮರಳುವ ಪ್ರತಿ ಇರುವೆಯೂ ಅದೇ ಗೆರೆಯ ಮೇಲೆ ಇನ್ನೊಂದು ಸಲ ಬಳಿಯುತ್ತದೆ. ಬರಿಬಾಯಲ್ಲಿ ಬಂದದ್ದು ಬಳಿಯುವುದಿಲ್ಲ. ತಿನಿಸು ಮುಗಿದರೆ ವಾಸನೆ ಆರಿ ದಾರಿಯೂ ಅಳಿಯುತ್ತದೆ. ನಮ್ಮದು ಉಲ್ಟಾ. ಕಬ್ಬು ಕಡಿಯುವ ಗ್ಯಾಂಗ್ ಸಿಕ್ಕ ರೈತ ಪಕ್ಕದ ಹೊಲದವನಿಗೂ ಬಾಯಿ ಬಿಡುವುದಿಲ್ಲ. ಸಿಗದವನ ಗೋಳು ಮಾತ್ರ ಕಾಗವಾಡದಿಂದ ಅಥಣಿವರೆಗೆ ಕೇಳಿಸುತ್ತದೆ.

ಆ ವಾಸನೆಗೆ ಫೆರೊಮೋನ್ ಎಂಬ ಹೆಸರು ಬಿದ್ದದ್ದು 1959ರಲ್ಲಿ. ಸುಮಾರು ಆಗಲೇ ಅಮೆರಿಕದ ಎಡ್ವರ್ಡ್ ವಿಲ್ಸನ್ ಎಂಬ ವಿಜ್ಞಾನಿ ಕೆಂಪಿರುವೆಯ ಹೊಟ್ಟೆಯ ಪುಟ್ಟ ಗ್ರಂಥಿಯೊಂದನ್ನು ಜಜ್ಜಿ, ಕಡ್ಡಿಯಿಂದ ಗೆರೆ ಎಳೆದ. ಗೆರೆಯ ತುದಿಯಲ್ಲಿ ಅಗುಳೂ ಇರಲಿಲ್ಲ, ಆದರೂ ಇರುವೆಗಳು ಹಿಂಡುಗಟ್ಟಿ ಹೊರಟವು. ಚುನಾವಣೆ ಬಂದಾಗ ನಾವೂ ಹೊರಟವರೇ, ನಗುವಂತಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆ ಕಿಟಕಿಯಿಂದ ಕಪಾಟಿನವರೆಗೆ ಕರಿ ದಾರ ಎಳೆದಂತೆ ಸಾಲು. ಒದ್ದೆ ಅರಿವೆಯಿಂದ ನಡುವೆ ಒಂದು ಮೊಳ ಒರೆಸಿದೆ. ದಾರಿ ತುಂಡಾದಲ್ಲಿ ಇರುವೆಗಳು ಗಕ್ಕನೆ ನಿಂತು, ಮೀಸೆ ಆಡಿಸುತ್ತ ಸುತ್ತಾಡಿದವು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಒಂದು ಗಟ್ಟಿಗಿತ್ತಿ ಸುತ್ತು ಹಾಕಿ ಆಚೆ ದಡ ಮುಟ್ಟಿತು, ಸಾಲು ಮತ್ತೆ ಕೂಡಿತು. ಅದರ ಹಿಂದೆಯೇ ನಮ್ಮಾಕೆ.

"ಏನ್ರಿ, ಇರವಿ ಡಿಕ್ಷನರಿ ಓದಾಕ ಹತ್ತ್ಯಾವೇನು?"

ನಿಪ್ಪಾಣಿಯ ತವರಿನವಳು, ತಂಬಾಕಿನ ಪೇಟೆಯಲ್ಲಿ ಬೆಳೆದ ಮೂಗು, ಇರುವೆಗಿಂತ ಚುರುಕು.

ಪೆಂಟಿ ಈಗ ಅಡುಗೆಮನೆಯಲ್ಲಿ, ನೀರು ತುಂಬಿದ ಪರಾತದ ನಡುವೆ, ಡಬ್ಬಿಯಲ್ಲಿದೆ. ಡಬ್ಬಿಗೆ ಕೀಲಿಯೂ ಇದೆ. ಅದು ಇರುವೆಗಳಿಗಾಗಿ ಅಲ್ಲ.